ಕಾಣದ ಪ್ರೊಫೈಲ್ ಎಲ್ಲಿಗೆ ಹೋಯ್ತು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಥರದ ಆ್ಯಪ್‌ಗಳಲ್ಲಿ ನಿನ್ನೆವರೆಗೂ ಇದ್ದ ಪ್ರೊಫೈಲ್ ಇವತ್ತು ಕಾಣುತ್ತಿಲ್ಲ. ದಾವಣಗೆರೆಯ ನನ್ನ ಸೈಬರ್ ಸೆಂಟರಿಗೂ ಇದೇ ಕಷ್ಟ ಹೊತ್ತು ದಿನಕ್ಕೊಬ್ಬರಾದರೂ ಬರುತ್ತಾರೆ. ಪಹಣಿ ತೆಗೆಸೋಕೆ ಬಂದವರು, ಮಕ್ಕಳ ಅರ್ಜಿ ತುಂಬಿಸೋಕೆ ಬಂದವರು ಕೆಲಸ ಮುಗಿದ ಮೇಲೂ ಹೋಗುವುದಿಲ್ಲ. ಫೋನ್ ಮುಂದೆ ಹಿಡಿದು, ದನಿ ತಗ್ಗಿಸಿ ಕೇಳುತ್ತಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನಷ್ಟೇ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನನ್ನ ತಂಗಿ ಮದುವೆಯಾಗಿ ಪುಣೆಯಲ್ಲಿದ್ದಾಳೆ. ಯುಗಾದಿಗೆ ಬಂದಾಗ ಅಪ್ಪನ ಮನೆ ಮಾರುವ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಹತ್ತು ದಿನ ಬಿಟ್ಟು ಇನ್‌ಸ್ಟಾಗ್ರಾಂನಲ್ಲಿ ಅವಳ ಹೆಸರು ಒತ್ತಿದರೆ 'ಯೂಸರ್ ನಾಟ್ ಫೌಂಡ್' ಅಂತ ಬರುತ್ತಿದೆ. ನನ್ನನ್ನು ಬ್ಲಾಕ್ ಮಾಡಿದ್ದಾಳಾ? ಅವಳ ಮಗಳ ಫೋಟೋ ನೋಡೋಕೆ ನನಗೆ ಇದ್ದದ್ದು ಅದೊಂದೇ ದಾರಿ.
— ಗದಗದಿಂದ ಒಬ್ಬ ಅಕ್ಕ

ಉತ್ತರ: ಅಕ್ಕಾ, ಮೊದಲು ಒಂದು ಮಾತು. ಆ ಸಾಲು ನೋಡಿ ಬ್ಲಾಕ್ ಅಂತ ತೀರ್ಮಾನ ಮಾಡಬೇಡಿ. ಅವಳು ಹೆಸರು ಬದಲಾಯಿಸಿದ್ದರೂ ಅದೇ ಸಾಲು ಬರಬಹುದು. ಖಾತೆಯನ್ನು ಸ್ವಲ್ಪ ದಿನ ಮುಚ್ಚಿಟ್ಟಿದ್ದರೂ, ಪೂರ್ತಿ ಅಳಿಸಿದ್ದರೂ, ಕಂಪನಿಯವರೇ ತಡೆಹಿಡಿದಿದ್ದರೂ ಅದೇ. ಬ್ಲಾಕ್ ಮಾಡಿದ್ದರೂ ಅದೇ. ಯಾವ ಕಾರಣ ಅಂತ ಆ್ಯಪ್ ಹೇಳುವುದಿಲ್ಲ. ನಾವೇ ಗುರುತು ಹಿಡಿಯಬೇಕು.

ಹುಡುಕುವ ಜಾಗ ಬಿಟ್ಟು ಅವಳ ಜೊತೆ ಹಿಂದೆ ಮಾಡಿದ ಚಾಟ್ ತೆರೆಯಿರಿ. ಹೆಸರು ಬದಲಾಯಿಸಿದ್ದರೆ ಹಳೇ ಮಾತುಕತೆಯ ಮೇಲೆ ಹೊಸ ಹೆಸರು ಕೂತಿರುತ್ತದೆ. ಯಾಕಂದ್ರೆ ನಮ್ಮ ಕಣ್ಣಿಗೆ ಬೀಳುವ ಹೆಸರು ಬರೀ ಬೋರ್ಡ್ ಇದ್ದ ಹಾಗೆ. ಒಳಗೆ ಪ್ರತಿ ಖಾತೆಗೂ ಬದಲಾಗದ ಒಂದು ನಂಬರ್ ಇರುತ್ತದೆ, ಚಾಟ್ ಅದಕ್ಕೆ ಅಂಟಿಕೊಂಡಿರುತ್ತದೆ. ಹೊಸ ಹೆಸರು ಸಿಕ್ಕರೆ ನಿಮ್ಮ ಸಮಸ್ಯೆ ಅಲ್ಲಿಗೇ ಮುಗಿಯಿತು. ಹೆಸರೂ ಇಲ್ಲದೆ, ಫೋಟೋನೂ ಇಲ್ಲದೆ ಬರೀ 'ಇನ್‌ಸ್ಟಾಗ್ರಾಂ ಯೂಸರ್' ಅಂತಿದ್ದರೆ ಖಾತೆ ಮುಚ್ಚಿರಬಹುದು. ಬ್ಲಾಕ್ ಆದಾಗಲೂ ಕೆಲವು ಸಲ ಹಾಗೇ ಕಾಣುತ್ತದೆ. ಆಗ ಮನೆಯಲ್ಲಿ ಅವಳನ್ನು ಫಾಲೋ ಮಾಡುವ ಇನ್ನೊಬ್ಬರ ಫೋನಿನಲ್ಲಿ ನೋಡಿ. ಅಲ್ಲೂ ಇಲ್ಲದಿದ್ದರೆ ಬಹುಮಟ್ಟಿಗೆ ಖಾತೆಯೇ ಮುಚ್ಚಿದೆ, ನಿಮ್ಮೊಬ್ಬರ ಮೇಲಿನ ಸಿಟ್ಟಲ್ಲ. ಲಾಗಿನ್ ಆಗದೆ ಕ್ರೋಮ್‌ನಲ್ಲಿ ನೋಡಿ ಅಂತ ಕೆಲವರು ಹೇಳುತ್ತಾರೆ. ಅಲ್ಲಿ ಸುಮಾರು ಸಲ ಲಾಗಿನ್ ಕೇಳಿ ನಿಂತುಬಿಡುತ್ತದೆ. ಅದರಿಂದ ಏನೂ ಗೊತ್ತಾಗಲ್ಲ.

ಇನ್ನೊಂದು ಕಾರಣ ನಮ್ಮ ಕನ್ನಡದ ಹೆಸರುಗಳದ್ದೇ. ಇನ್‌ಸ್ಟಾಗ್ರಾಂನ ಯೂಸರ್‌ನೇಮ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆ ಇಷ್ಟಕ್ಕೇ ಜಾಗ. ಕನ್ನಡ ಅಕ್ಷರ ಹಿಡಿಸುವುದಿಲ್ಲ. ಹೋದ ವಾರ ಒಬ್ಬ ಯಜಮಾನರು ವಿಶ್ವನಾಥ ಅನ್ನೋ ಗೆಳೆಯರನ್ನು ಹುಡುಕಿ ಹುಡುಕಿ ಸೋತು ಬಂದಿದ್ದರು. ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಶ್ವ ಅನ್ನೋದನ್ನು ವಿ ಹಾಕಿಯೂ ಬರೆಯುತ್ತಾರೆ, ಡಬ್ಲ್ಯೂ ಹಾಕಿಯೂ ಬರೆಯುತ್ತಾರೆ. ಥ ಅನ್ನೋದಕ್ಕೆ ಬರೀ ಟಿ ಹಾಕುವವರಿದ್ದಾರೆ, ಎಚ್ ಸೇರಿಸುವವರಿದ್ದಾರೆ. ಕೊನೆಯಲ್ಲಿ ಎ ಇರಬಹುದು, ಇಲ್ಲದಿರಬಹುದು. ಇಷ್ಟಕ್ಕೇ 8 ಥರ ಆಯಿತು. ಚುಕ್ಕಿ, ಅಡಿಗೆರೆ ಇನ್ನೂ ಬಂದೇ ಇಲ್ಲ! ಆರನೇ ಥರದಲ್ಲಿ ಅವರ ಗೆಳೆಯರು ಸಿಕ್ಕರು. ಫೋಟೋ ನೋಡಿ "ಅಯ್ಯೋ, ಇವನೇ ಇವನೇ" ಅಂತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಈಗ ನಿಮ್ಮ ತಂಗಿಯ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ನೋಡುವ ಮೊದಲೇ ಒಂದು ಫೋನ್ ಮಾಡಿ ಅಂತ ನನ್ನ ಒತ್ತಾಯ. ನಮ್ಮ ಮನೆಯಲ್ಲೇ ಇಂಥದ್ದು ಆಗಿದೆ. ಚಿಕ್ಕಪ್ಪನ ಮಗಳು ಪರೀಕ್ಷೆಗೆ ಓದಬೇಕು ಅಂತ ಖಾತೆ ಮುಚ್ಚಿಟ್ಟಿದ್ದಳು. ನಮ್ಮ ಅತ್ತಿಗೆ ಅದನ್ನು ಬ್ಲಾಕ್ ಅಂದುಕೊಂಡರು. ಗೃಹಪ್ರವೇಶಕ್ಕೆ ಅವರ ಮನೆಗೆ ಕುಂಕುಮ ಕೊಟ್ಟು ಕರೆಯೋಕೆ ಹೋಗಲಿಲ್ಲ. ಕರೆದಿಲ್ಲ ಅನ್ನೋ ನೋವು ಚಿಕ್ಕಮ್ಮನಿಗೆ ಇವತ್ತಿಗೂ ಹೋಗಿಲ್ಲ. ಹಾಗಾಗಿ ಹೇಳುತ್ತಿದ್ದೇನೆ. ಫೋನಿನಲ್ಲಿ ಮನೆ ಮಾರುವ ಸುದ್ದಿ ಎತ್ತಬೇಡಿ. "ಪಾಪು ಹೆಂಗಿದ್ದಾಳೆ, ಒಂದು ಫೋಟೋ ಕಳಿಸೇ" ಅಂತಷ್ಟೇ ಕೇಳಿ. ಅವಳು ನಿಜವಾಗಿ ಬ್ಲಾಕ್ ಮಾಡಿದ್ದರೂ ಆ ಮಾತಿಗೆ ಉತ್ತರ ಕೊಡುತ್ತಾಳೆ ಅನ್ನೋ ನಂಬಿಕೆ ನನಗಿದೆ. ಒಂದು ಕೆಲಸ ಮಾತ್ರ ಬೇಡ. ಬೇರೆ ಹೆಸರಲ್ಲಿ ಹೊಸ ಖಾತೆ ತೆಗೆದು ಅವಳನ್ನು ನೋಡೋಕೆ ಹೋಗಬೇಡಿ. ಅದು ಗೊತ್ತಾದ ದಿನ ಜಗಳ ದೊಡ್ಡದಾಗುತ್ತದೆ.

ಪ್ರಶ್ನೆ: ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಮಾರುತ್ತೇನೆ. ಇನ್‌ಸ್ಟಾಗ್ರಾಂ ಪೇಜಿನ ಹೆಸರು ಉದ್ದ ಆಯಿತು ಅಂತ ಮಗ ಚಿಕ್ಕದು ಮಾಡಿದ. ಈಗ ಪ್ಯಾಕೆಟ್ ಸ್ಟಿಕರಿನ ಹೆಸರು ಹಾಕಿದರೆ ಪೇಜ್ ಇಲ್ಲ ಅಂತ ಬರುತ್ತದಂತೆ. ಎರಡು ಸಾವಿರ ಸ್ಟಿಕರ್ ಮನೆಯಲ್ಲಿದೆ.
— ವಿಜಯಪುರ

ಉತ್ತರ: ಅಮ್ಮಾ, ಮಗ ಹೆಸರು ಬದಲಾಯಿಸಿ ಎಷ್ಟು ದಿನ ಆಯಿತು? ಅದರ ಮೇಲೆ ಎಲ್ಲಾ ನಿಂತಿದೆ. 14 ದಿನ ಆಗಿಲ್ಲದಿದ್ದರೆ ಸಾಮಾನ್ಯವಾಗಿ ಹಳೇ ಹೆಸರಿಗೆ ವಾಪಸ್ ಹೋಗಬಹುದು. ಇವತ್ತೇ ಮಾಡಿಸಿ. ಅದು ದಾಟಿದ್ದರೂ ಹಳೇ ಹೆಸರು ಹಾಕಿ ಒಮ್ಮೆ ನೋಡಿ, ಬೇರೆ ಯಾರೂ ತೆಗೆದುಕೊಂಡಿಲ್ಲದಿದ್ದರೆ ಸಿಕ್ಕರೂ ಸಿಗಬಹುದು. ಸಿಗಲೇ ಇಲ್ಲ ಅಂದರೆ ಸ್ಟಿಕರ್ ಎಸೆಯಬೇಡಿ. ಹಳೇ ಹೆಸರಿನ ಮೇಲೆ ಸಣ್ಣ ಚೀಟಿ ಅಂಟಿಸಿ, ಹೊಸ ಹೆಸರಿನ ಜೊತೆ ಫೋನ್ ನಂಬರನ್ನೂ ಹಾಕಿಸಿ. ಪ್ಯಾಕೆಟ್ ಮೇಲೆ ನಂಬರ್ ಇದ್ದರೆ ಪೇಜ್ ಎಲ್ಲಿಗೆ ಹೋದರೂ ಗಿರಾಕಿ ಹೋಗುವುದಿಲ್ಲ.

ನಿಮ್ಮ ಹಳೇ ಹೆಸರು ಹಿಡಿದು, ನಿಮ್ಮದೇ ಫೋಟೋ ಹಾಕಿ ಬೇರೆಯವರು ಪುಡಿ ಮಾರುತ್ತಿದ್ದರೆ ಅದು ಬೇರೆ ಮಾತು. ಆ ಪ್ರೊಫೈಲ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಿ. ಅದಕ್ಕೂ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಪ್ರೊಫೈಲ್ ನನಗೇ ಖಾಲಿ ಕಾಣುತ್ತದೆ. ಗೆಳತಿಯರಿಗೆ ಎಲ್ಲಾ ಕಾಣುತ್ತಿದೆಯಂತೆ.
— ತುಮಕೂರು

ಉತ್ತರ: ಹಾಗಾದರೆ ಖಾತೆಗೆ ಏನೂ ಆಗಿಲ್ಲ, ತೊಂದರೆ ಫೋನಿನೊಳಗೇ ಇದೆ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ಆ್ಯಪ್ ಅಪ್‌ಡೇಟ್ ಮಾಡಿ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಲ್ಲಿ ಆ ಆ್ಯಪಿನ ಸ್ಟೋರೇಜ್‌ಗೆ ಹೋಗಿ 'ಕ್ಲಿಯರ್ ಕ್ಯಾಶ್' ಒತ್ತಿ. ಪಕ್ಕದ 'ಕ್ಲಿಯರ್ ಡೇಟಾ' ಮುಟ್ಟಬೇಡಿ. ಅದು ಲಾಗಿನ್ ಕಿತ್ತುಹಾಕುತ್ತದೆ, ಪಾಸ್‌ವರ್ಡ್ ನೆನಪಿಲ್ಲದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಆ್ಯಪ್ ತೆಗೆದು ಮತ್ತೆ ಹಾಕುವ ಯೋಚನೆ ಇದ್ದರೆ ಡ್ರಾಫ್ಟಿನಲ್ಲಿ ಇಟ್ಟ ರೀಲ್ಸ್ ಮೊದಲು ಗ್ಯಾಲರಿಗೆ ಇಳಿಸಿಕೊಳ್ಳಿ. ಡ್ರಾಫ್ಟ್ ಇರುವುದು ಫೋನಿನಲ್ಲಿ, ಆ್ಯಪ್ ಜೊತೆ ಅದೂ ಹೋಗುತ್ತದೆ.

ಪ್ರಶ್ನೆ: ಅಪ್ಪ ತೀರಿಕೊಂಡು ಒಂದು ವರ್ಷ ಆಯಿತು. ಅವರ ಫೇಸ್‌ಬುಕ್ ತೆರೆದು ಹಳೇ ಫೋಟೋ ನೋಡುತ್ತಿದ್ದೆ. ವರ್ಷಾಬ್ದಿಕದ ದಿನ ತೆರೆದರೆ 'ಈ ವಿಷಯ ಈಗ ಲಭ್ಯವಿಲ್ಲ' ಅಂತ ಬಂತು. ಅಪ್ಪನನ್ನು ಎರಡನೇ ಸಲ ಕಳಕೊಂಡ ಹಾಗಾಯಿತು.
— ಸಾಗರ

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಅಪ್ಪನ ಫೋನೂ ನಮ್ಮ ಮನೆಯ ಬೀರುವಿನಲ್ಲಿ ಇದೆ.

ತೀರಿಕೊಂಡವರ ಖಾತೆಯನ್ನು ನೆನಪಿನ ಖಾತೆಯಾಗಿ ಉಳಿಸಿ ಅಂತ ಮನೆಯವರು ಫೇಸ್‌ಬುಕ್‌ಗೆ ಕೇಳಬಹುದು. ಹಾಗೆ ಮಾಡಿದರೆ ಪ್ರೊಫೈಲ್ ಮಾಯ ಆಗಲ್ಲ. ಹೆಸರಿನ ಜೊತೆ 'ರಿಮೆಂಬರಿಂಗ್' ಅಂತ ಸೇರುತ್ತದೆ, ಹುಟ್ಟುಹಬ್ಬದ ನೆನಪೋಲೆ ನಿಲ್ಲುತ್ತದೆ, ಒಳಗೆ ಯಾರೂ ಲಾಗಿನ್ ಆಗೋಕೆ ಬರಲ್ಲ. ನಿಮ್ಮಲ್ಲಿ ಪೂರ್ತಿ ಕಾಣೆಯಾಗಿರುವುದರಿಂದ ಬೇರೇನೋ ಆಗಿದೆ. ಹತ್ತಿರದವರು ಯಾರೋ ಮರಣ ಪ್ರಮಾಣಪತ್ರ ಕೊಟ್ಟು ಖಾತೆ ತೆಗೆಸಿರಬಹುದು. ಇಲ್ಲವೇ ಅಪ್ಪನ ಫೋನ್ ಇಟ್ಟುಕೊಂಡವರು ಅದರಿಂದಲೇ ಮುಚ್ಚಿರಬಹುದು. ಮೊದಲು ಅಮ್ಮನನ್ನು, ಅಣ್ಣತಮ್ಮಂದಿರನ್ನು ಸಮಾಧಾನವಾಗಿ ಕೇಳಿ. ನೋಡಿದಾಗೆಲ್ಲ ದುಃಖ ಆಗುತ್ತದೆ ಅಂತ ಯಾರಾದರೂ ಮಾಡಿದ್ದರೆ ಅವರ ಮೇಲೆ ರೇಗಬೇಡಿ.

ಬರೀ ಡಿಆ್ಯಕ್ಟಿವೇಟ್ ಮಾಡಿದ್ದರೆ, ಅಂದರೆ ಅಳಿಸದೆ ಮುಚ್ಚಿಟ್ಟಿದ್ದರೆ, ಅಪ್ಪನ ಫೋನಿನಿಂದ ಲಾಗಿನ್ ಆದರೆ ಎಲ್ಲಾ ಹಾಗೇ ವಾಪಸ್ ಬರುತ್ತದೆ. ಫೋನಿನಿಂದಲೇ ಡಿಲೀಟ್ ಕೊಟ್ಟಿದ್ದರೆ 30 ದಿನದ ಗಡುವು ಇರುತ್ತದೆ, ಅಷ್ಟರೊಳಗೆ ಲಾಗಿನ್ ಆಗಿ ರದ್ದು ಮಾಡಬಹುದು. ಹಾಗಾಗಿ ಇವತ್ತೇ ಕೇಳಿ, ತಡ ಮಾಡಬೇಡಿ. ಅಪ್ಪನ ಸಿಮ್ ಇದೆಯಾ ನೋಡಿ. 90 ದಿನ ಬಳಸದ ನಂಬರನ್ನು ಕಂಪನಿಯವರು ಕಡಿತ ಮಾಡಿ, ಆಮೇಲೆ ಬೇರೆಯವರಿಗೆ ಕೊಡಬಹುದು. ಆಗ ಒಟಿಪಿ ಗುರುತಿಲ್ಲದವರ ಕೈಗೆ ಹೋಗುತ್ತದೆ. ಚಿಕ್ಕ ರೀಚಾರ್ಜ್ ಆದರೂ ಹಾಕುತ್ತಿರಿ.

ಗಡುವು ಮುಗಿದಿದ್ದರೆ ಅಪ್ಪನ ಪುಟ ವಾಪಸ್ ಬರಲ್ಲ. ಸುಳ್ಳು ಆಸೆ ಕೊಡಲಾರೆ. ಆದರೆ ಬೇರೆಯವರು ಹಾಕಿದ ಫೋಟೋ ಅವರವರ ಪುಟದಲ್ಲೇ ಉಳಿದಿರುತ್ತದೆ. ಅಪ್ಪನ ಜೊತೆ ಕೆಲಸ ಮಾಡಿದವರು, ಯಾತ್ರೆಗೆ ಹೋದವರು, ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತು ಊಟ ಮಾಡಿದವರು, ಇವರ ಹಳೇ ಆಲ್ಬಂಗಳನ್ನು ನೋಡಿ. ಅಪ್ಪ ನಿಮಗೆ ಕಳಿಸಿದ ಮೆಸೇಜೂ ನಿಮ್ಮ ಇನ್‌ಬಾಕ್ಸಿನಲ್ಲಿ ಇರುತ್ತದೆ. ಸಿಕ್ಕಿದ್ದನ್ನು ಫೋನಿಗೆ ಇಳಿಸಿ, ಒಂದು ಪೆನ್‌ಡ್ರೈವಿಗೂ ಹಾಕಿ. ನಾನು ಅಪ್ಪನ ಹನ್ನೊಂದು ಫೋಟೋ ಹೀಗೇ ಕೂಡಿಸಿದೆ. ಒಂದರಲ್ಲಿ ಅವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಅಪರಿಚಿತರ ಮನೆ ಜಗುಲಿಯಲ್ಲಿ ನಗುತ್ತಾ ಕೂತಿದ್ದಾರೆ. ಅದು ಯಾರ ಮನೆ ಅಂತ ಇನ್ನೂ ಹುಡುಕುತ್ತಿದ್ದೇನೆ.

ಪ್ರಶ್ನೆ: ಏಳು ವರ್ಷದಿಂದ ನಡೆಸಿದ ನನ್ನ ಭರತನಾಟ್ಯ ಕ್ಲಾಸಿನ ಇನ್‌ಸ್ಟಾಗ್ರಾಂ ಪೇಜ್ ಸಸ್ಪೆಂಡ್ ಆಗಿದೆ. ಮಕ್ಕಳ ತಂದೆತಾಯಿಗೆ 'ಪ್ರೊಫೈಲ್ ಇಲ್ಲ' ಅಂತ ತೋರಿಸುತ್ತಿದೆ. ಟೆಲಿಗ್ರಾಂನಲ್ಲಿ ಒಬ್ಬ 4,000 ರೂಪಾಯಿಗೆ ತಂದುಕೊಡುತ್ತೇನೆ ಅನ್ನುತ್ತಾನೆ. ಕೊಡಲಾ?
— ಮೈಸೂರು

ಉತ್ತರ: ಕೊಡಬೇಡಿ. ದಯವಿಟ್ಟು ಕೊಡಬೇಡಿ. ಅಂಥವರು ದುಡ್ಡು ತೆಗೆದುಕೊಂಡ ಮೇಲೆ ಪಾಸ್‌ವರ್ಡ್ ಕೇಳುತ್ತಾರೆ, ಆಮೇಲೆ ಒಟಿಪಿ ಕೇಳುತ್ತಾರೆ. ಕೊಟ್ಟ ಮೇಲೆ ಉಳಿದ ಖಾತೆಗಳೂ ಹೋಗುತ್ತವೆ. ಕಂಪನಿಯ ಕಡೆಯವರು ಅಂತ ಯಾರಾದರೂ ವಾಟ್ಸಾಪಿನಲ್ಲಿ ಕರೆ ಮಾಡಿದರೂ ಇದೇ ಮಾತು. ಈಗಾಗಲೇ ದುಡ್ಡು ಹಾಕಿದ್ದರೆ ಈ ಸಾಲು ಓದುತ್ತಿರುವಾಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ದಾರಿ ಜಾಸ್ತಿ.

ಖಾತೆ ವಾಪಸ್ ಕೊಡಿ ಅಂತ ಇನ್‌ಸ್ಟಾಗ್ರಾಂಗೇ ಕೊಡುವ ಮೇಲ್ಮನವಿಗೆ ದುಡ್ಡು ಬೇಕಿಲ್ಲ. ಲಾಗಿನ್ ಆಗೋಕೆ ಹೋದಾಗ ಬರುವ ಪರದೆಯಲ್ಲೇ ದಾರಿ ಇದೆ. ಸಸ್ಪೆಂಡ್ ಆದ ದಿನದಿಂದ 180 ದಿನದೊಳಗೆ ಕೊಡಬೇಕು, ಆಮೇಲೆ ಖಾತೆ ಕಾಯಂ ಆಗಿ ಹೋಗುತ್ತದೆ. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೆಲವರಿಗೆ ಮುಖದ ವಿಡಿಯೋ ಕೇಳುತ್ತದೆ. ಹಗಲಿನಲ್ಲಿ, ಕಿಟಕಿಗೆ ಮುಖ ಮಾಡಿ, ಮೇಕಪ್ ಇಲ್ಲದೆ ಕೊಡಿ.

ಅದರಿಂದ ಆಗಲಿಲ್ಲ ಅಂದರೆ ನಮ್ಮ ದೇಶದ ಕಾನೂನು ನಿಮ್ಮ ಜೊತೆ ಇದೆ. ಭಾರತದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಆ್ಯಪ್‌ಗಳು ಇಲ್ಲೇ ವಾಸವಿರುವ ಕುಂದುಕೊರತೆ ಅಧಿಕಾರಿಯನ್ನು ಇಡಲೇಬೇಕು ಅಂತ 2021ರ ಐಟಿ ನಿಯಮ ಹೇಳುತ್ತದೆ. ಅವರಿಗೆ ಬರೆಯಿರಿ. ಅವರ ಉತ್ತರ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಲ್ಲಿ ಶುರುವಾದದ್ದು. ಎಲ್ಲಾ ಆನ್‌ಲೈನ್, ದೆಹಲಿಗೆ ಹೋಗಬೇಕಿಲ್ಲ. ವಿಳಾಸ ಜಿಎಸಿ ಡಾಟ್ ಗವ್ ಡಾಟ್ ಇನ್. ಇದು ಇದೆ ಅನ್ನೋದೇ ನಮ್ಮ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಟೆಲಿಗ್ರಾಂನವರ ಕೈಗೆ ಸಿಗುತ್ತಾರೆ.

ಅಷ್ಟರವರೆಗೆ ತಂದೆತಾಯಿಯರಿಗೆ ಒಂದು ವಾಟ್ಸಾಪ್ ಗುಂಪು ಮಾಡಿ, ಕ್ಲಾಸ್ ನಿಲ್ಲಿಸಬೇಡಿ.

ಪ್ರಶ್ನೆ: ಕೂ ಆ್ಯಪಿನಲ್ಲಿ ದಿನಕ್ಕೊಂದು ಚುಟುಕ ಬರೆಯುತ್ತಿದ್ದೆ. ಆರೋಗ್ಯ ಕೆಟ್ಟು ತುಂಬಾ ದಿನ ಆ ಕಡೆ ಹೋಗಿರಲಿಲ್ಲ. ಈಗ ನನ್ನ ಪ್ರೊಫೈಲೇ ಸಿಗುತ್ತಿಲ್ಲ. ನಾನೇನು ತಪ್ಪು ಒತ್ತಿದೆ?
— ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಮೇಡಂ, ನೀವೇನೂ ತಪ್ಪು ಒತ್ತಿಲ್ಲ. ಕೂ ಮುಚ್ಚುತ್ತಿದೆ ಅಂತ ನಡೆಸುವವರೇ 2024ರ ಜುಲೈನಲ್ಲಿ ತಿಳಿಸಿದರು. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಕನ್ನಡದಿಂದಲೇ ಶುರುವಾದ ಆ್ಯಪ್ ಅದು. ನಿಮ್ಮ ಹಾಗೆ ಕನ್ನಡದಲ್ಲೇ ಬರೆಯುವವರು ತುಂಬಾ ಜನ ಅಲ್ಲಿದ್ದರು. ನನಗೂ ಅದು ಹೋದಾಗ ಬೇಜಾರಾಯಿತು.

ನಿಮ್ಮ ಪುಟ ಸಿಗಲ್ಲ, ಆದರೆ ಚುಟುಕ ಸಿಗಬಹುದು. ಬರೆದದ್ದನ್ನು ವಾಟ್ಸಾಪಿನಲ್ಲೂ ಯಾರಿಗಾದರೂ ಕಳಿಸುತ್ತಿದ್ದಿರಾ? ವಾಟ್ಸಾಪಿನ ಮೇಲ್ಗಡೆ ಹುಡುಕುವ ಜಾಗದಲ್ಲಿ ನಿಮ್ಮ ಚುಟುಕದಲ್ಲಿ ಬರುವ ಒಂದು ಪದ ಕನ್ನಡದಲ್ಲೇ ಹಾಕಿ. ಸಾಮಾನ್ಯ ಪದ ಬೇಡ. ಮಲೆನಾಡಿನವರು ನೀವು, ಉಂಬಳ, ಕಂಬಳಿಕೊಪ್ಪೆ ಅಂತ ಏನಾದರೂ ಬರೆದೇ ಇರುತ್ತೀರಿ ಅಲ್ವಾ? ಅಂಥದ್ದು ಹಾಕಿ. ಗ್ಯಾಲರಿಯ ಸ್ಕ್ರೀನ್‌ಶಾಟ್ ಫೋಲ್ಡರೂ ನೋಡಿ. ನಿಮ್ಮ ಶಿಷ್ಯರಿಗೂ ಒಂದು ಮಾತು ಹೇಳಿ, ಯಾರಾದರೂ ತೆಗೆದಿಟ್ಟಿರುತ್ತಾರೆ. ಸಿಕ್ಕಿದ್ದನ್ನು ಈ ಸಲ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡಿ. ಎರಡು ಚುಟುಕ ಈ ಅಂಕಣದ ವಿಳಾಸಕ್ಕೂ ಕಳಿಸಿ, ನಾನು ಓದಬೇಕು.