1993ರ ಮೊದಲ 'ರಾ' ಸಂಚಿಕೆಯನ್ನು ಕನ್ನಡದಲ್ಲಿ ವಿಮರ್ಶೆ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಕಲಬುರಗಿಯಲ್ಲಿ ಗೆಳೆಯರು ಸೇರಿ ಹಳೆಯ ಡಬ್ಲ್ಯೂಡಬ್ಲ್ಯೂಎಫ್ (ಅಮೆರಿಕದ ಟಿವಿ ಕುಸ್ತಿ ಕಂಪನಿ, ಈಗಿನ ಡಬ್ಲ್ಯೂಡಬ್ಲ್ಯೂಇ) ಬಗ್ಗೆ ಕನ್ನಡ ಯೂಟ್ಯೂಬ್ ಚಾನೆಲ್ ಶುರು ಮಾಡಿದ್ದೀರಿ. ಅದರ ವಾರದ ಶೋ 'ಮಂಡೇ ನೈಟ್ ರಾ'ದ ಮೊದಲ ಸಂಚಿಕೆಗೆ ಬರೆದ ವಿಮರ್ಶೆ ಓದಿದರೆ "ಇವ ಬಂದ, ಅವನಿಗೆ ಹೊಡೆದ, ಗೆದ್ದ" ಅನ್ನೋ ವರದಿಯಂಗ ಕಾಣ್ತದೆ. ಇದನ್ನ ವಿಮರ್ಶೆ ಅನ್ನೋ ಮಟ್ಟಕ್ಕೆ ತರೋದು ಹೇಗೆ?

ಆ ಕಾಲದ ವಾರದ ಕಾರ್ಯಕ್ರಮಗಳಿಗೆ ಒಂದೇ ಕೆಲಸ: ಮುಂದೆ ಬರುವ, ಜನ ದುಡ್ಡು ಕೊಟ್ಟು ನೋಡುವ ದೊಡ್ಡ ಶೋವನ್ನ ಮಾರೋದು. ಹಂಗಾಗಿ ಪ್ರತಿ ತುಣುಕಿನ ಮುಂದೆಯೂ ಒಂದೇ ಪ್ರಶ್ನೆ ಇಡ್ರಿ: ಇದು ಏನನ್ನ ಮಾರ್ತಿದೆ, ಮಾರಲಿಕ್ಕೆ ಸಾಧ್ಯ ಆಯ್ತಾ? ಉತ್ತರ ಸಿಕ್ಕ ಕೂಡಲೇ ವರದಿ ತಾನಾಗಿ ವಿಮರ್ಶೆ ಆಗ್ತದೆ.

ನಿಮ್ಮ ಸಂಚಿಕೆಯನ್ನೇ ತಗೊಳ್ರಿ. 1993ರ ಜನವರಿ 11, ಸೋಮವಾರ, ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಸೆಂಟರ್‌ನಿಂದ ಯುಎಸ್‌ಎ ನೆಟ್‌ವರ್ಕ್‌ನಲ್ಲಿ ಒಂದು ಗಂಟೆಯ ನೇರಪ್ರಸಾರ. ಅದಾದ 13 ದಿನಕ್ಕೆ, ಜನವರಿ 24ರಂದು, ಸ್ಯಾಕ್ರಮೆಂಟೋದಲ್ಲಿ 'ರಾಯಲ್ ರಂಬಲ್' ಅನ್ನೋ ದೊಡ್ಡ ಶೋ. ಈ ಎರಡು ತಾರೀಖು ಪಕ್ಕಪಕ್ಕ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗೀತು. ಯೊಕೊಝೂನಾ ಕೋಕೋ ಬಿ. ವೇರ್‌ನನ್ನ ಕೆಲವೇ ನಿಮಿಷಕ್ಕೆ ಕೆಡವಿದ್ದು ಯಾಕೆ? ಆ ಶೋದಲ್ಲಿ ಬಹಳ ಜನ ಒಟ್ಟಿಗೆ ಆಡುವ ರಂಬಲ್ ಪಂದ್ಯ ಗೆಲ್ಲುವವನು ಅವನೇ. ಗೆದ್ದವರಿಗೆ ವರ್ಷದ ಅತಿ ದೊಡ್ಡ ಶೋ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ಎದುರು ಆಡುವ ಅವಕಾಶ ಅನ್ನೋ ನಿಯಮ ಶುರುವಾಗಿದ್ದೂ ಅದೇ ವರ್ಷ. ಸ್ಟೈನರ್ ಬ್ರದರ್ಸ್ ಮುಸುಕಿನ 'ಎಕ್ಸಿಕ್ಯೂಷನರ್ಸ್' ಜೋಡಿಯನ್ನ ಎತ್ತಿ ಒಗೆದರು, ಯಾಕಂದ್ರೆ ರಂಬಲ್‌ನಲ್ಲಿ ಅವರಿಗೆ ಬೆವರ್ಲಿ ಬ್ರದರ್ಸ್ ಜೊತೆ ಪಂದ್ಯ. ಶಾನ್ ಮೈಕಲ್ಸ್ ಮ್ಯಾಕ್ಸ್ ಮೂನ್ ಎದುರು ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಉಳಿಸಿಕೊಂಡ, ಮುಂದೆ ಮಾರ್ಟಿ ಜನೆಟಿ ಕಾಯ್ತಿದ್ದ. ರೇಝರ್ ರಮೋನ್‌ಗೆ ಆ ರಾತ್ರಿ ಪಂದ್ಯವೇ ಇಲ್ಲ, ಬರೀ ಮಾತು. ಬ್ರೆಟ್ ಹಾರ್ಟ್ ಎದುರಿನ ಪಂದ್ಯಕ್ಕೆ ಆ ಮಾತೇ ಜಾಹೀರಾತು.

ಇಲ್ಲಿ ನಿಮ್ಮ ಕರಡಿನ ಒಂದು ಸಾಲು ತಿದ್ದಬೇಕು. "ಕೋಕೋ ಪಂದ್ಯ ಒನ್‌ಸೈಡ್, ಬೋರು, ಒಂದು ಸ್ಟಾರ್" ಅಂತ ಬರೆದಿದ್ದೀರಿ. ಅದು ಸ್ಕ್ವಾಷ್, ಅಂದ್ರೆ ಒಬ್ಬನನ್ನ ಬಲಶಾಲಿ ಅಂತ ತೋರಿಸಲಿಕ್ಕೇ ಇಟ್ಟ ಪಂದ್ಯ, ಒನ್‌ಸೈಡ್ ಇರಲೇಬೇಕು. ಸ್ಕ್ವಾಷ್‌ಗೆ ಸ್ಟಾರ್ ಕೊಡೋ ಪದ್ಧತಿಯೇ ಬ್ಯಾಡ. ಅದರಲ್ಲಿ ನೋಡೋದು ಬೇರೆ. ಗೆಲ್ಲುವವನ ಮುಖ್ಯ ಪಟ್ಟು ಕ್ಯಾಮೆರಾಗೆ ನೆಟ್ಟಗೆ ಸಿಕ್ಕಿತಾ? ಸೋಲುವವನು ಏಟಿನ ತೂಕ ಮೈಯಲ್ಲಿ ತೋರಿಸಿದನಾ? ಮುಗಿದ ಮೇಲೆ ಜನಕ್ಕೆ ದೈತ್ಯನ ಭಯ ಹುಟ್ಟಿತಾ? ಯೊಕೊಝೂನಾ ಮೂಲೆಯ ಹಗ್ಗದ ಮೇಲಿಂದ ಬಿದ್ದವನ ಎದೆಯ ಮೇಲೆ ಕೂರುವ 'ಬಾನ್‌ಝಾಯ್ ಡ್ರಾಪ್' ಹಾಕುವಾಗ ಅವನನ್ನಲ್ಲ, ಹಿಂದಿನ ಸಾಲಿನ ಜನರ ಮುಖ ನೋಡ್ರಿ. ಆಗ ನಿಮಗೇ ಗೊತ್ತಾಗ್ತದೆ. ಕೋಕೋ ತೀರ ಅನಾಮಿಕನೂ ಅಲ್ಲ, ವರ್ಷಗಳಿಂದ ಟಿವಿಯಲ್ಲಿದ್ದ ಮುಖ. ಅಂಥವನನ್ನ ಕೆಡವಿದರೆ, ಸೋಲಲಿಕ್ಕೇ ಬರುವ ಜಾಬರ್‌ನನ್ನ ಕೆಡವಿದ್ದಕ್ಕಿಂತ ಬೆಲೆ ಜಾಸ್ತಿ. ಇದು ನಿಮ್ಮ ವಿಮರ್ಶೆಯಲ್ಲಿ ಬರಬೇಕಾದ ಮಾತು.

ಇನ್ನೊಂದು: ಕೊನೆಯ ಪಂದ್ಯ ಅಂಡರ್‌ಟೇಕರ್ ಮತ್ತು ಡೇಮಿಯನ್ ಡಿಮೆಂಟೋ ನಡುವೆ, ಎರಡೂವರೆ ನಿಮಿಷದ ಆಸುಪಾಸು. ಬೆಲ್ಟಿನ ಪಂದ್ಯಕ್ಕೆ ಮಧ್ಯದಲ್ಲಿ ಹತ್ತು ನಿಮಿಷದಷ್ಟು ಕೊಟ್ಟು, 'ಮೇನ್ ಇವೆಂಟ್' ಜಾಗಕ್ಕೆ ಇಷ್ಟು ಚಿಕ್ಕದ್ದು ಇಟ್ಟಿದ್ದು ತಪ್ಪಲ್ಲ. ಉದ್ದದ ಪಂದ್ಯ ಜಾಹೀರಾತಿನ ಆಚೆಗೂ ಜನರನ್ನ ಹಿಡಿದಿಡ್ತದೆ. ಕೊನೆಗೆ ಬೇಕಾಗೋದು ದೀಪ ಆರಿ, ಗಂಟೆ ಹೊಡೆದು, ಜನ ಕುರ್ಚಿ ಬಿಟ್ಟು ಏಳುವಂಥ ಹೆಸರು. ನನ್ನ ಲೆಕ್ಕದಲ್ಲಿ ಸಂಚಿಕೆಯ ನಿಜವಾದ ದೌರ್ಬಲ್ಯ ಪಂದ್ಯಗಳಲ್ಲಿಲ್ಲ, ಕಾಮೆಂಟರಿ ಮೇಜಿನಲ್ಲಿದೆ. ವಿನ್ಸ್ ಮೆಕ್‌ಮಹನ್, ರ‍್ಯಾಂಡಿ ಸ್ಯಾವೇಜ್ ಪಕ್ಕಕ್ಕೆ ರಾಬ್ ಬಾರ್ಟ್ಲೆಟ್ ಅನ್ನೋ ರೇಡಿಯೋ ಹಾಸ್ಯಗಾರನನ್ನ ಕೂರಿಸಿದ್ದರು. ಅವನ ಜೋಕುಗಳು ರಿಂಗಿನಲ್ಲಿ ನಡೆಯೋದಕ್ಕೆ ಸಂಬಂಧವೇ ಇಲ್ಲದಂಗ ಬರ್ತವೆ. ನಿಜವಾಗಿ ನಗಿಸಬಲ್ಲ ಬಾಬಿ ಹೀನನ್ ಆ ಇಡೀ ಸಂಚಿಕೆ ಬಾಗಿಲ ಹೊರಗೆ ವೇಷ ಹಾಕಿಕೊಂಡು ಒಳಗೆ ಬರಲಿಕ್ಕೆ ಒದ್ದಾಡ್ತಿರ್ತಾನೆ. ಏಪ್ರಿಲ್ ಹೊತ್ತಿಗೆ ಬಾರ್ಟ್ಲೆಟ್ ಹೋಗಿ ಹೀನನ್ ಆ ಕುರ್ಚಿಗೆ ಬಂದ. ಅಂದ್ರೆ ಕಂಪನಿಗೂ ಇದು ಗೊತ್ತಾಗಿತ್ತು.

ಈಗ ನೋಡುವ ಕ್ರಮ. ಮೂರು ಸಲ ನೋಡ್ರಿ. ಮೊದಲನೆಯದು ನಿಲ್ಲಿಸದೆ, ಪೆನ್ನು ಮುಟ್ಟದೆ. ಎರಡನೆಯದು ಶೀಟ್ ತೆರೆದುಕೊಂಡು, ಐದು ಕಾಲಂ: ಶುರುವಾದ ಹೊತ್ತು, ಏನು, ಎಷ್ಟು ನಿಮಿಷ, ಏನನ್ನ ಮಾರ್ತಿದೆ, ಜನ ಹೆಂಗಿದ್ದರು. ಪಂದ್ಯದ ಹೊತ್ತು ಶುರುವಿನ ಬೆಲ್‌ನಿಂದ ಕೊನೆಯ ಬೆಲ್‌ವರೆಗೆ ಅಳೀರಿ, ಎಂಟ್ರಿ ಸಂಗೀತ ಸೇರಿಸಬೇಡಿ. ಎಲ್ಲರೂ ಎಡವೋದು ಇಲ್ಲೇ. ಎಂಟ್ರಿ ಸೇರಿಸಿದರೆ ಅಂಡರ್‌ಟೇಕರ್‌ನ ಪಂದ್ಯ ಇದ್ದಕ್ಕಿಂತ ಬಹಳ ಉದ್ದ ಕಾಣ್ತದೆ, ಅವನು ನಡೆದು ಬರೋದೇ ಅಷ್ಟು ನಿಧಾನ. ಪಂದ್ಯದ ನಡುವೆ ಜಾಹೀರಾತಿಗೆ ಕತ್ತರಿಸಿದ್ದರೆ ಅಲ್ಲಿ ಗುರುತು ಹಾಕ್ರಿ, ನೀವು ಕಾಣದ ನಿಮಿಷಗಳಿಗೆ ತೀರ್ಪು ಕೊಡಬಾರದು. ಮೂರನೆಯ ಸಲ ದನಿ ಪೂರ್ತಿ ಬಂದ್ ಮಾಡಿ ನೋಡ್ರಿ. ಕಾಮೆಂಟರಿ ಎಷ್ಟು ಪಂದ್ಯವನ್ನ ಹೊತ್ತುಕೊಂಡು ಹೋಗಿತ್ತು ಅಂತ ಆಗಲೇ ತಿಳಿಯೋದು. ಕೆಲವು ಪಂದ್ಯ ದನಿ ಇಲ್ಲದೆಯೂ ನಿಲ್ತವೆ, ಕೆಲವು ಕುಸೀತವೆ.

ಕಂಪ್ಯೂಟರಿನ ವಿಎಲ್‌ಸಿ ವಿಡಿಯೋ ಪ್ಲೇಯರಿನಲ್ಲಿ ನೋಡಿದರೆ 'ಇ' ಕೀಲಿ ಒತ್ತಿದಾಗ ಒಂದೊಂದೇ ಫ್ರೇಮ್ ಮುಂದೆ ಹೋಗ್ತದೆ, ಚೌಕ ಆವರಣದ ಕೀಲಿಗಳು ವೇಗ ಹೆಚ್ಚು ಕಡಿಮೆ ಮಾಡ್ತವೆ. ಹಳೆಯ ಟಿವಿ ದೃಶ್ಯದಲ್ಲಿ ಕೈ ಬೀಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಅದು ಇಂಟರ್‌ಲೇಸ್ ದೋಷ. 'ಡಿ' ಒತ್ತಿ ಡಿಇಂಟರ್‌ಲೇಸ್ ಆನ್ ಮಾಡ್ರಿ, ಮೋಡ್ ಯಾಡಿಫ್ ಇರಲಿ. ಇಲ್ಲದಿದ್ದರೆ ಏಟು ತಗುಲಿತೋ ಇಲ್ಲವೋ ಅನ್ನೋದನ್ನೇ ತಪ್ಪಾಗಿ ಓದ್ತೀರಿ.

ಪ್ರತಿ ಯಾವುದು ಅಂತಲೂ ಪರೀಕ್ಷಿಸ್ರಿ. ಕಾಮೆಂಟರಿಯಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಅನ್ನುವಾಗ 'ಎಫ್' ಅಕ್ಷರದ ಹೊತ್ತಿಗೆ ದನಿ ಕಟ್ ಆಗಿದ್ದರೆ ಅದು 2002ರ ನಂತರ ತಯಾರಾದ ಆವೃತ್ತಿ. ಅದೇ ಡಬ್ಲ್ಯೂಡಬ್ಲ್ಯೂಎಫ್ ಹೆಸರಿನ ವನ್ಯಜೀವಿ ಸಂಸ್ಥೆಯ ಜೊತೆಗಿನ ವ್ಯಾಜ್ಯ ಸೋತು ಕಂಪನಿ ಆ ವರ್ಷ ಡಬ್ಲ್ಯೂಡಬ್ಲ್ಯೂಇ ಆಯ್ತು. 2012ರ ಒಪ್ಪಂದದ ನಂತರವೇ ಹಳೆಯ ದೃಶ್ಯಗಳನ್ನ ಕತ್ತರಿ ಇಲ್ಲದೆ ತೋರಿಸಲಿಕ್ಕೆ ಅವಕಾಶ ಸಿಕ್ಕಿದ್ದು. 'ಎಫ್' ಕತ್ತರಿಸಿದ ಆವೃತ್ತಿಯಲ್ಲಿ ದನಿ ಮುಟ್ಟಿರೋದರಿಂದ "ಜನ ತಣ್ಣಗಿದ್ದರು" ಅಂತ ಬರೆಯೋ ಮುಂಚೆ ಎರಡು ಸಲ ಯೋಚಿಸ್ರಿ. ಮನೆಯ ವಿಎಚ್‌ಎಸ್ ಕ್ಯಾಸೆಟ್ ಇದ್ದರೆ, ನಮ್ಮೂರಿನ ಮೇ ತಿಂಗಳಲ್ಲಿ ಟಿನ್ ಶೀಟಿನ ಕೆಳಗೆ ಇಟ್ಟದ್ದನ್ನ ನೇರ ಪ್ಲೇಯರ್‌ಗೆ ಹಾಕಬೇಡ್ರಿ. ತಣ್ಣಗಾದ ಮೇಲೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ ಆಮೇಲೆ ಹಾಕ್ರಿ.

ನಿಮ್ಮ ನೋಡುಗರ ಬಗ್ಗೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಜಾತ್ರೆಯ ಕುಸ್ತಿ ಗೊತ್ತು. ಮಣ್ಣಿನ ಅಖಾಡದಲ್ಲಿ ಬೆನ್ನು ನೆಲಕ್ಕೆ ತಾಗಿ ಚಿತ್ ಆದರೆ ಮುಗೀತು, ಎಣಿಕೆ ಇಲ್ಲ. ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಭುಜ ನೆಲಕ್ಕಂಟಿದ ಮೇಲೆ ರೆಫ್ರಿ ಮೂರು ಸಲ ಹೊಡೀಬೇಕು. ನಾಟಕ ಕಟ್ಟೋದು ಆ ಒಂದು, ಎರಡು, ಮೂರರ ಸಂದಿನಲ್ಲೇ. ಇದಕ್ಕೆ ಅತ್ಯುತ್ತಮ ಉದಾಹರಣೆ 1988ರ ಫೆಬ್ರವರಿ 5ರ 'ದ ಮೇನ್ ಇವೆಂಟ್', ಹೋಗನ್ ಮತ್ತು ಆಂಡ್ರೆ ದ ಜೈಂಟ್ ಪಂದ್ಯ. ಅಮೆರಿಕದಲ್ಲಿ 3 ಕೋಟಿ 30 ಲಕ್ಷ ಜನ ನೋಡಿದರು ಅಂತ ಲೆಕ್ಕ. ಆಂಡ್ರೆ ಮೇಲೆ ಬಿದ್ದಿದ್ದಾನೆ, ರೆಫ್ರಿ ಎಣಿಸ್ತಿದ್ದಾನೆ, ಎಣಿಕೆ ಮುಗಿಯೋ ಮುಂಚೆಯೇ ಹೋಗನ್‌ನ ಭುಜ ಎದ್ದಿದೆ. ಆದರೂ ರೆಫ್ರಿಯ ಕೈ ನಿಲ್ಲೋದಿಲ್ಲ. ಅಲ್ಲಿ ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡ್ರಿ: ಭುಜ ಕ್ಯಾಮೆರಾಗೆ ಕಾಣ್ತದೆ, ಮನೆಯಲ್ಲಿ ಕೂತವರಿಗೆ ಮೋಸ ಗೊತ್ತಾಗ್ತದೆ. ಸ್ವಲ್ಪ ಹೊತ್ತಿಗೆ ಅದೇ ಮುಖದ ಇನ್ನೊಬ್ಬ ರೆಫ್ರಿ ಓಡಿ ಬರ್ತಾನೆ. ಡೇವ್ ಮತ್ತು ಅರ್ಲ್ ಹೆಬ್ನರ್ ಅವಳಿ ಸೋದರರು. ಅರ್ಲ್ ಆಗಷ್ಟೇ ಬೇರೆ ಕಂಪನಿಯಿಂದ ಬಂದಿದ್ದರಿಂದ ಅಲ್ಲಿನ ನೋಡುಗರಿಗೆ ಗುರುತಿರಲಿಲ್ಲ. ಪಟ್ಟುಗಳ ಲೆಕ್ಕದಲ್ಲಿ ಈ ಪಂದ್ಯ ಸಪ್ಪೆ, ಆಂಡ್ರೆ ಸರಿಯಾಗಿ ನಡೆಯಲಾರದ ಸ್ಥಿತಿಯಲ್ಲಿದ್ದ. ಆದರೆ ಅದರ ಕೆಲಸ ಬೆಲ್ಟನ್ನ ಯಾರ ಹತ್ತಿರವೂ ಇಲ್ಲದಂಗ ಖಾಲಿ ಮಾಡಿ ಮಾರ್ಚ್ 27ರ ನಾಲ್ಕನೇ ರೆಸಲ್‌ಮೇನಿಯಾದ ಟೂರ್ನಮೆಂಟ್ ಮಾರೋದು, ಆ ಕೆಲಸವನ್ನ ಇದಕ್ಕಿಂತ ಚೆನ್ನಾಗಿ ಮಾಡಿದ ಟಿವಿ ಪಂದ್ಯ ಸಿಗೋದು ಕಷ್ಟ.

ಕಾಮೆಂಟಿನಲ್ಲಿ "ಎಲ್ಲಾ ನಾಟಕ ರೀ" ಅಂತ ಬಂದೇ ಬರ್ತದೆ. ಕಂಪನಿ 1989ರಲ್ಲೇ ನ್ಯೂಜೆರ್ಸಿ ಸೆನೆಟ್ ಮುಂದೆ ಇದು ಮನರಂಜನೆ ಅಂತ ಒಪ್ಪಿಕೊಂಡಿದೆ, ಕ್ರೀಡಾ ಆಯೋಗದ ನಿಯಂತ್ರಣ ಮತ್ತು ತೆರಿಗೆ ತಪ್ಪಿಸಿಕೊಳ್ಳಲಿಕ್ಕೆ. ದೊಡ್ಡಾಟದಲ್ಲಿ ಭೀಮ ಕೀಚಕನನ್ನ ನಿಜವಾಗಿ ಕೊಂದನಾ ಅಂತ ಯಾರೂ ಕೇಳೋದಿಲ್ಲ. ಇದಕ್ಕೂ ಒಂದು ಸಾಲಿಗಿಂತ ಹೆಚ್ಚು ಖರ್ಚು ಮಾಡಬೇಡ್ರಿ. ಅದೇ ಕಾಮೆಂಟಿನಲ್ಲಿ ಅಕ್ಷಯ್ ಕುಮಾರ್ ಎತ್ತಿ ಒಗೆದ ಅಂಡರ್‌ಟೇಕರ್ ಮಾತೂ ಬರ್ತದೆ. 1996ರ ಆ ಹಿಂದಿ ಸಿನಿಮಾದಲ್ಲಿದ್ದವನು ಬ್ರಯಾನ್ ಲೀ, 1994ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ನಕಲಿ ಅಂಡರ್‌ಟೇಕರ್ ಆಗಿದ್ದವನೂ ಅವನೇ. ಈ ಉತ್ತರ ಕಾಪಿ ಮಾಡಿ ಇಟ್ಕೊಳ್ರಿ, ಪದೇ ಪದೇ ಬೇಕಾಗ್ತದೆ.

ಚಿತ್ರೀಕರಣದ ತಾರೀಖು ಮತ್ತು ಪ್ರಸಾರದ ತಾರೀಖು ಎರಡನ್ನೂ ವಿಡಿಯೋದ ಮೊದಲಲ್ಲೇ ಹೇಳ್ರಿ. ಮೊದಲ ರಾ ನೇರಪ್ರಸಾರ. ಆದರೆ ಬೇಗನೇ ಒಂದೇ ರಾತ್ರಿ ಮುಂದಿನ ವಾರದ್ದೂ ಚಿತ್ರೀಕರಿಸೋ ಪದ್ಧತಿ ಬಂತು. ರಿಕ್ ಫ್ಲೇರ್ ಮತ್ತು ಮಿಸ್ಟರ್ ಪರ್ಫೆಕ್ಟ್ ನಡುವಿನ 'ಸೋತವನು ಕಂಪನಿ ಬಿಡಬೇಕು' ಪಂದ್ಯ ಜನವರಿ 18ರಂದು ಚಿತ್ರೀಕರಣವಾಗಿ 25ರಂದು ಪ್ರಸಾರವಾಯ್ತು. ನಡುವೆ 24ರ ರಂಬಲ್‌ನಲ್ಲಿ ಫ್ಲೇರ್ ಮೊದಲನೆಯವನಾಗಿ ರಿಂಗಿಗೆ ಬಂದ. ಅಂದ್ರೆ ಟೇಪಿನಲ್ಲಿ ಆಗಲೇ ಕೆಲಸ ಕಳಕೊಂಡವನು ಮರುದಿನದ ಪ್ರಸಾರದವರೆಗೆ ಏನೂ ಆಗಿಲ್ಲ ಅನ್ನೋ ಹಂಗ ಆಡಬೇಕಿತ್ತು. ಪ್ರಸಾರದ ತಾರೀಖು ಒಂದನ್ನೇ ನಂಬಿದರೆ ಇದು ಕಣ್ಣಿಗೆ ಬೀಳೋದಿಲ್ಲ. 1999ರ ಜನವರಿ 4ರಂದು ಇದೇ ಪದ್ಧತಿಯನ್ನ ಎದುರಾಳಿ ಕುಸ್ತಿ ಕಂಪನಿ ಡಬ್ಲ್ಯೂಸಿಡಬ್ಲ್ಯೂ ಆಡಿಕೊಳ್ಳಲಿಕ್ಕೆ ಹೋಯ್ತು. ಅದರ ಶೋ 'ನೈಟ್ರೋ'ದ ಕಾಮೆಂಟೇಟರ್ ನೇರಪ್ರಸಾರದಲ್ಲಿ, ಆಗಲೇ ಚಿತ್ರೀಕರಣವಾಗಿದ್ದ ರಾದಲ್ಲಿ ಮಿಕ್ ಫೋಲಿ ಚಾಂಪಿಯನ್ ಆಗ್ತಾನೆ ಅಂತ ಬಯಲು ಮಾಡಿ ಗೇಲಿ ಮಾಡಿದ. ಜನ ಅದನ್ನ ನೋಡಲಿಕ್ಕೇ ಚಾನೆಲ್ ಬದಲಿಸಿದರು.

ಯೂಟ್ಯೂಬ್ ವಿಷಯ ಚಿಕ್ಕದಾಗಿ: ವಿಮರ್ಶೆಗೆ ನ್ಯಾಯಯುತ ಬಳಕೆಯ ಅವಕಾಶ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿದೆ. ಆದರೆ ಬೇರೆಯವರ ವಿಡಿಯೋ, ಸಂಗೀತ ತಾನಾಗಿ ಪತ್ತೆ ಹಚ್ಚುವ ಯೂಟ್ಯೂಬಿನ ಕಂಟೆಂಟ್ ಐಡಿ ಯಂತ್ರ ಕಾಯ್ದೆ ಓದೋದಿಲ್ಲ. ಎಂಟ್ರಿ ಸಂಗೀತ ಹಾಕಬೇಡ್ರಿ, ಅದು ಮೊದಲು ಸಿಕ್ಕಿಬೀಳ್ತದೆ. ಉದ್ದದ ಕ್ಲಿಪ್ ಬದಲು ಸ್ಥಿರಚಿತ್ರ, ನಿಮ್ಮ ದನಿ, ನಿಮ್ಮ ಐದು ಕಾಲಮ್ಮಿನ ಶೀಟನ್ನೇ ಪರದೆ ಮೇಲೆ ತೋರಿಸ್ರಿ. ಅದು ಯಾರ ಹತ್ತಿರವೂ ಇರದ ಸಾಮಗ್ರಿ.

ಮೊದಲ ರಾ ಆದ ಮೇಲೆ ನೇರ ರಂಬಲ್‌ಗೆ ಜಿಗೀಬೇಡ್ರಿ. 25ರಂದು ಪ್ರಸಾರವಾದ ಫ್ಲೇರ್–ಪರ್ಫೆಕ್ಟ್ ಪಂದ್ಯ ತಗೊಂಡು ಇದೇ ಶೀಟ್ ತುಂಬ್ರಿ. ಅದು ಸ್ಕ್ವಾಷ್ ಅಲ್ಲ, ಉದ್ದದ ಪಂದ್ಯ, ಅದರಲ್ಲಿ 'ಏನನ್ನ ಮಾರ್ತಿದೆ' ಅನ್ನೋ ಕಾಲಮ್ಮಿಗೆ ಬರೆಯೋದು ಅಷ್ಟು ಸಲೀಸಲ್ಲ, ಯಾಕಂದ್ರೆ ಹೊರಟು ಹೋಗುವವನನ್ನ ಯಾವ ಕಂಪನಿಯೂ ಮಾರೋದಿಲ್ಲ. ಅಲ್ಲಿ ಯಾರ ಬೆಲೆ ಏರಿತು ಅಂತ ಹುಡುಕ್ರಿ.