ಕ್ರಾಸ್‌ಓವರ್ ಸಾಮಾನು ಫ್ಯಾನ್ ಅಂಗಡಿಯಲ್ಲಿದೆ

ಪ್ರಶ್ನೆ: ಹಾಸನದಲ್ಲಿ ಕ್ರಾಸ್‌ಓವರ್ (ದಪ್ಪ ಸ್ವರವನ್ನು ವೂಫರ್‌ಗೂ ಸಣ್ಣ ಸ್ವರವನ್ನು ಟ್ವೀಟರ್‌ಗೂ ಹಂಚುವ ಸರ್ಕಿಟ್) ಸಾಮಾನು ಸಿಗುತ್ತಿಲ್ಲ. ಆನ್‌ಲೈನ್‌ನಲ್ಲಿ ಕೆಪಾಸಿಟರ್, ಕಾಯಿಲ್ ತರಿಸಿದರೆ ಸ್ಪೀಕರ್‌ಗಿಂತ ಅವೇ ದುಬಾರಿ. ವೂಫರ್, ಟ್ವೀಟರ್ ಎರಡೂ 8 ಓಮ್. 3 ಕಿಲೋಹರ್ಟ್ಸ್‌ನಲ್ಲಿ ಬೇರ್ಪಡಿಸಬೇಕು. ಅಗ್ಗದ ದಾರಿ ಉಂಟೇ?

ಉತ್ತರ: ಇದನ್ನು ಕೇಳುವವರೆಲ್ಲ ಆಡಿಯೋ ಅಂಗಡಿಗೇ ಹೋಗಿ ಬರಿಗೈಲಿ ಬಂದಿರುತ್ತಾರೆ. ಹೋಗಬೇಕಾದದ್ದು ಫ್ಯಾನ್ ಮಾರುವ ಅಂಗಡಿಗೆ, ಆಮೇಲೆ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ.

ಎರಡನೇ ದರ್ಜೆಯ ಲಿಂಕ್‌ವಿಟ್ಜ್-ರೈಲಿ ಎಂಬ ಕ್ರಾಸ್‌ಓವರ್ ವಿನ್ಯಾಸದ ಲೆಕ್ಕದಲ್ಲಿ ಒಂದು ಪೆಟ್ಟಿಗೆಗೆ 3.3 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, 0.85 ಮಿಲಿಹೆನ್ರಿಯ ಎರಡು ಕಾಯಿಲ್ ಬೇಕು. ಟ್ವೀಟರ್ ತಂತಿಯನ್ನು ಪ್ಲಸ್-ಮೈನಸ್ ಉಲ್ಟಾ ಕೊಡಿ. ಸೀಲಿಂಗ್ ಫ್ಯಾನ್‌ನ 3.15 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದಕ್ಕೆ ಹತ್ತಿರ, ಅದರ ಒಳಗಿರುವುದು ಪಾಲಿಪ್ರೊಪಿಲೀನ್ ಫಿಲ್ಮೇ. 440 ವೋಲ್ಟ್ ಎಂದು ಬರೆದಿದ್ದರೆ ಗಾಬರಿ ಬೇಡ, ಗಾತ್ರ ದೊಡ್ಡದು, ಅಷ್ಟೇ. ಹೊಸದನ್ನೇ ಕೊಳ್ಳಿ. ಹಳೇ ಫ್ಯಾನ್ ನಿಧಾನವಾಗುವುದೇ ಎಷ್ಟೋ ಸಲ ಇದರ ಮೌಲ್ಯ ಇಳಿದು. ಮಲ್ಟಿಮೀಟರ್ ಒಯ್ದು ಅಂಗಡಿಯಲ್ಲೇ ಅಳೆದು, ಎಡಬಲಕ್ಕೆ ಜೋಡಿ ಹೊಂದಿಸಿಕೊಳ್ಳಿ.

ಕಾಯಿಲ್ ನೀವೇ ಸುತ್ತಿ. 19 ಗೇಜ್ ಎನಾಮಲ್ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಒಂದು ಕಾಯಿಲ್‌ಗೆ 160 ಗ್ರಾಂ ಹಿಡಿಯುತ್ತದೆ, 200 ತನ್ನಿ. ವೈರಿಂಗ್‌ನ 25 ಮಿ.ಮೀ. ಪಿವಿಸಿ ಪೈಪಿನ ತುಂಡಿಗೆ ಎರಡು ಪ್ಲೈವುಡ್ ಬಿಲ್ಲೆ ಅಂಟಿಸಿ, ನಡುವೆ 25 ಮಿ.ಮೀ. ಜಾಗ ಬಿಡಿ. ಒಂದು ಪದರಕ್ಕೆ 22 ಸುತ್ತಿನಂತೆ ಒಂಬತ್ತು ಪದರ ಬರುತ್ತದೆ. ಲೆಕ್ಕಕ್ಕೆ 195 ಸುತ್ತು ಸಾಕು. ನೀವು 205 ಸುತ್ತಿ, ಅಳೆಯುತ್ತಾ ಬಿಚ್ಚುತ್ತಾ ಬನ್ನಿ. ಒಂದು ಸುತ್ತು ಬಿಚ್ಚಿದರೆ ಸುಮಾರು ಶೇ 1 ಇಳಿಯುತ್ತದೆ. ಮುಗಿದಾಗ ರೋಧ ಅರ್ಧ ಓಮ್‌ಗಿಂತ ತುಸು ಕಡಿಮೆ ಇರಬೇಕು.

ಕಾಯಿಲ್ ಅಳೆಯುವ ಎಲ್‌ಸಿಆರ್ ಮೀಟರ್ ಇಲ್ಲವೇ? ಕಾಯಿಲ್ ಜೊತೆ 10 ಓಮ್ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ ಆಂಪ್ಲಿಫೈಯರ್‌ಗೆ ಕೊಡಿ, ಫೋನಿನ ಟೋನ್ ಆಪ್‌ನಿಂದ ಆವರ್ತನ ಬದಲಿಸಿ. ಎರಡರ ಮೇಲೂ ಎ.ಸಿ. ವೋಲ್ಟೇಜ್ ಸಮವಾಗುವ ಜಾಗ 1,870 ಹರ್ಟ್ಸ್ ಹತ್ತಿರ ಬಂದರೆ 0.85 ಆಯಿತು. ಅಗ್ಗದ ಮೀಟರ್ ಈ ಆವರ್ತನದಲ್ಲಿ ತಪ್ಪು ತೋರಿಸಬಹುದು, ಆದರೆ ಎರಡಕ್ಕೂ ಒಂದೇ ತಪ್ಪು.

ಕೆಡುವುದು ಎಲ್ಲಿ? ತಾಮ್ರವೆಂದು ಅಲ್ಯೂಮಿನಿಯಂ ಕೊಟ್ಟಾರು. ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗಿದ್ದರೆ ವಾಪಸ್ ಕೊಡಿ. ರೋಧವೂ ಹೆಚ್ಚು, ಬೆಸುಗೆಯೂ ಹಿಡಿಯದು. ಸುಟ್ಟ ಮೋಟಾರಿನಿಂದ ಬಿಚ್ಚಿದ ತಂತಿ ಪುಕ್ಕಟೆ ಸಿಕ್ಕರೂ ಬೇಡ: ಎನಾಮಲ್ ಬಿರುಕು ಬಿಟ್ಟು ಪಕ್ಕದ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗುತ್ತವೆ, ಓಮ್ ಮೀಟರಿಗೆ ಅದು ಕಾಣುವುದೇ ಇಲ್ಲ. ಕಾಯಿಲ್ ನಡುವೆ ಕಬ್ಬಿಣದ ಬೋಲ್ಟ್ ಬಿಗಿದರೆ ಅಳೆದದ್ದೆಲ್ಲ ವ್ಯರ್ಥ. ಪ್ಲಾಸ್ಟಿಕ್ ಟೈ ಹಾಕಿ. ಎರಡು ಕಾಯಿಲ್‌ಗಳನ್ನು ದೂರವಿಟ್ಟು, ಒಂದನ್ನು ಮಲಗಿಸಿ ಇನ್ನೊಂದನ್ನು ನಿಲ್ಲಿಸಿ.

ಪ್ರಶ್ನೆ: 300 ವ್ಯಾಟ್‌ನ ರೆಡಿಮೇಡ್ ಬೋರ್ಡ್ ಹಾಕಿದರಾಗದೇ? ನನ್ನವು 4 ಓಮ್ ಸ್ಪೀಕರ್.

ಉತ್ತರ: 8 ಓಮ್‌ಗೆ ಮಾಡಿದ ಬೋರ್ಡ್ ಆದರೆ ವೂಫರ್ ಬೇಗ ನಿಲ್ಲುತ್ತದೆ, ಟ್ವೀಟರ್ ತಡವಾಗಿ ಶುರುವಾಗುತ್ತದೆ. ನಡುವೆ ಹಳ್ಳ. ಹಾಡುವವರ ದನಿ ಬೀಳುವುದು ಅಲ್ಲೇ.

ಪ್ರಶ್ನೆ: ಬೆಳ್ಳಿ ತಂತಿಯ ಕೆಪಾಸಿಟರ್‌ನಿಂದ ಸ್ವರ ಇಂಪಾಗುತ್ತದಂತೆ?

ಉತ್ತರ: ಮಾರುವವರಿಗೆ.

ಪ್ರಶ್ನೆ: ಮೂಡಿಗೆರೆಯ ತೋಟದ ಪಂಪ್‌ಹೌಸ್‌ನಲ್ಲಿ ಹಳೇ ಕೆಪಾಸಿಟರ್‌ಗಳಿವೆ. ಬಳಸಲೇ?

ಉತ್ತರ: 100-120 ಮೈಕ್ರೋಫ್ಯಾರಡ್‌ನವು ಸ್ಟಾರ್ಟ್ ಕೆಪಾಸಿಟರ್‌ಗಳು, ಎಲೆಕ್ಟ್ರೋಲೈಟಿಕ್, ಕೆಲವೇ ಸೆಕೆಂಡ್ ದುಡಿಯಲು ಮಾಡಿದವು. ಬೇಡ. ಮೋಟಾರ್ ಓಡುವಷ್ಟು ಹೊತ್ತೂ ದುಡಿಯುವ ರನ್ ಕೆಪಾಸಿಟರ್ ಫಿಲ್ಮೇ ಹೌದು, ಆದರೆ 25, 36ರಂಥ ಮೌಲ್ಯ ಟ್ವೀಟರ್‌ಗೆ ಕೊಟ್ಟರೆ ಸುಟ್ಟೀತು. ಯಾವುದನ್ನೇ ಮುಟ್ಟುವ ಮುನ್ನ ಎರಡು ತುದಿಗೂ 100 ವ್ಯಾಟ್ ಫಿಲಮೆಂಟ್ ಬಲ್ಬ್ ಹಿಡಿದು ಚಾರ್ಜ್ ಇಳಿಸಿ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸುವ ಚಾಳಿ ಬಿಡಿ.