ಸಹಪಾಠಿಗಳು ಕೊಟ್ಟ ಅಂಕ ಸಾಕೇ?

ಪ್ರಶ್ನೆ: ನಾನು ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ. ಗರ್ಭಿಣಿಯರಿಗೆ ರಕ್ತಹೀನತೆಯ ಬಗ್ಗೆ ತಿಳಿವಳಿಕೆ ನೀಡುವ ಕನ್ನಡ ಆ್ಯಪ್ ಒಂದನ್ನು ಪ್ರಬಂಧಕ್ಕಾಗಿ ಸಿದ್ಧಪಡಿಸಿದ್ದೇನೆ. ಸಹಪಾಠಿಗಳು ಅದನ್ನು ಬಳಸಿ ನೋಡಿ ‘ಸಿಸ್ಟಂ ಯೂಸಬಿಲಿಟಿ ಸ್ಕೇಲ್’ ಪ್ರಶ್ನಾವಳಿಯನ್ನು ತುಂಬಿಕೊಟ್ಟಿದ್ದು, ಸರಾಸರಿ ಅಂಕ 80 ದಾಟಿದೆ. ಆ್ಯಪ್ ಬಳಕೆಗೆ ಸುಲಭವಾಗಿದೆ ಎಂದು ಬರೆಯಲು ಇಷ್ಟು ಸಾಕೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಸಾಲದು. ಬಳಕೆಯ ಸುಲಭತೆ ಎಂಬುದು ಆ್ಯಪ್ ಒಂದರಲ್ಲೇ ಇರುವ ಗುಣವಲ್ಲ. ಯಾರು, ಯಾವ ಕೆಲಸಕ್ಕಾಗಿ, ಯಾವ ಸನ್ನಿವೇಶದಲ್ಲಿ ಬಳಸುತ್ತಾರೆ ಎಂಬುದನ್ನು ಹೇಳದೆ ಅದನ್ನು ಅಳೆಯಲಾಗದು ಎಂದೇ ಐಎಸ್ಒ 9241-11 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಹೇಳುತ್ತದೆ. ಹಿಮೋಗ್ಲೋಬಿನ್ ಎಂದರೇನೆಂದು ಬಲ್ಲ ಸಹಪಾಠಿಗಳು, ಸ್ವಂತ ಫೋನಿನಲ್ಲಿ, ಕಾಲೇಜಿನ ವೈಫೈ ನೆರವಿನಿಂದ ಬಳಸಿ ಕೊಟ್ಟ ಅಂಕವು ಅವರ ಮಟ್ಟಿಗೆ ನಿಜವಿರಬಹುದು. ಆದರೆ ನಿಮ್ಮ ಆ್ಯಪ್ ಅವರಿಗಾಗಿ ಮಾಡಿದ್ದಲ್ಲ.

ಪ್ರಶ್ನಾವಳಿಯ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಈ ಮಾಪಕದಲ್ಲಿ 10 ಹೇಳಿಕೆಗಳಿದ್ದು, ಬೆಸ ಸಂಖ್ಯೆಯವು ಹೊಗಳುವಂಥವು, ಸಮ ಸಂಖ್ಯೆಯವು ದೂರುವಂಥವು. ಪ್ರತಿ ಹೇಳಿಕೆಗೂ 1ರಿಂದ (ಸ್ವಲ್ಪವೂ ಒಪ್ಪುವುದಿಲ್ಲ) 5ರವರೆಗಿನ (ಪೂರ್ತಿ ಒಪ್ಪುತ್ತೇನೆ) ಒಂದು ಅಂಕೆಯನ್ನು ಗುರುತಿಸಬೇಕು. ಮೊದಲಿನವುಗಳಲ್ಲಿ ಗುರುತಿಸಿದ ಅಂಕೆಯಿಂದ 1 ಕಳೆದು, ಎರಡನೆಯವುಗಳಲ್ಲಿ 5ರಿಂದ ಆ ಅಂಕೆಯನ್ನು ಕಳೆದು, ಬಂದ ಮೊತ್ತವನ್ನು 2.5ರಿಂದ ಗುಣಿಸಬೇಕು. ಹೀಗೆ ಬರುವ ಅಂಕ 0ಯಿಂದ 100ರೊಳಗೆ ಇರುತ್ತದಾದರೂ ಅದು ಶೇಕಡಾವಾರು ಅಲ್ಲ. 68ರ ಆಸುಪಾಸನ್ನು ಸಾಧಾರಣವೆಂದು ಪರಿಗಣಿಸುವುದು ರೂಢಿ. ಆರೋಗ್ಯ ಕೇಂದ್ರದಲ್ಲಿ ನರ್ಸ್ ಒಬ್ಬರು ಎದುರು ಕುಳಿತು ಓದಿ ಹೇಳಿದಾಗ, ಮರ್ಯಾದೆಗೆ ಎಲ್ಲದಕ್ಕೂ ‘ಹೌದ್ರಿ’ ಎನ್ನುವ ಮಹಿಳೆ ಹತ್ತಕ್ಕೂ 4 ಎಂದು ಉತ್ತರಿಸಿದಂತಾಗಿ, ಆಕೆಯ ಅಂಕ ಸರಿಯಾಗಿ 50ಕ್ಕೆ ನಿಲ್ಲುತ್ತದೆ. ‘ವಿನಾಕಾರಣ ಜಟಿಲವಾಗಿದೆ’ ಮತ್ತು ‘ಬಳಸಲು ಸುಲಭವಾಗಿದೆ’ ಎಂಬ ಎರಡನೆಯ ಹಾಗೂ ಮೂರನೆಯ ಹೇಳಿಕೆಗಳೆರಡಕ್ಕೂ ಒಪ್ಪಿಗೆ ಸೂಚಿಸಿದ ಹಾಳೆ ಕಂಡರೆ, ಅದನ್ನು ಲೆಕ್ಕಕ್ಕೆ ಸೇರಿಸುವ ಮುನ್ನ ಆಕೆಯೊಡನೆ ಮತ್ತೊಮ್ಮೆ ಮಾತನಾಡಿ.

ಆದ್ದರಿಂದ ಅಂಕಕ್ಕಿಂತ ಮೊದಲು ಕಣ್ಣಾರೆ ನೋಡುವುದು ಮುಖ್ಯ. ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯನ್ನೂ ಮಹಿಳೆಯರ ಒಪ್ಪಿಗೆಯನ್ನೂ ಪಡೆದು, ಐದಾರು ಗರ್ಭಿಣಿಯರ ಜೊತೆ ಒಬ್ಬೊಬ್ಬರಾಗಿ ಕುಳಿತುಕೊಳ್ಳಿ. ‘ತಾಯಿ ಕಾರ್ಡ್ ನೋಡಿ ನಿಮ್ಮ ರಕ್ತದ ಪ್ರಮಾಣವನ್ನು ಇದರಲ್ಲಿ ಹಾಕಿ’, ‘ಕಬ್ಬಿಣಾಂಶದ ಮಾತ್ರೆಯನ್ನು ಚಹಾದ ಜೊತೆ ತೆಗೆದುಕೊಳ್ಳಬಹುದೇ ಎಂದು ಹುಡುಕಿ ಹೇಳಿ’ ಎಂಬಂಥ ಕೆಲಸ ಕೊಟ್ಟು, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುವಂತೆ ಕೇಳಿಕೊಂಡು, ನೀವು ಸುಮ್ಮನಿರಿ. ಬೆರಳು ತೋರಿಸಬೇಡಿ, ಇದು ಬಹಳ ಕಷ್ಟ, ಆದರೂ ತೋರಿಸಬೇಡಿ. ಕಾರ್ಡಿನಲ್ಲಿ 9.8 ಎಂದಿದ್ದು ನಿಮ್ಮ ಕೀಲಿಮಣೆಯಲ್ಲಿ ದಶಮಾಂಶ ಬಿಂದು ಇಲ್ಲದಿದ್ದರೆ ಆಕೆ 98 ಎಂದು ಒತ್ತುವುದು ಅಲ್ಲಿ ಕಾಣುತ್ತದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಹೊಂದಿಸಿದ ಗುಂಡಿಯಲ್ಲಿ ‘ರಕ್ತ’ದ ಒತ್ತಕ್ಷರ ಕತ್ತರಿಸಿಹೋಗಿರುವುದು, ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ‘ಮುಂದೆ’ ಎಂಬ ಗುಂಡಿಯೇ ಪರದೆಯಿಂದ ಕೆಳಗೆ ಜಾರಿರುವುದು, ಒಟಿಪಿ ಹೊಲಕ್ಕೆ ಹೋದ ಗಂಡನ ಫೋನಿಗೆ ಬರುವುದು, ಇವೆಲ್ಲ ತಿಳಿಯುವುದೂ ಹೀಗೆ ಕುಳಿತಾಗಲೇ. ಕೆಲಸ ಮುಗಿಯಿತೇ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಸಹಾಯ ಬೇಡಿದರು ಎಂಬಿಷ್ಟನ್ನು ಬರೆದುಕೊಳ್ಳಿ.

ಐದು ಮಂದಿ ಸಾಕೆಂಬ, ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಅವರ ಹೆಸರಾಂತ ಸಲಹೆ ಅನ್ವಯಿಸುವುದು ಇಂಥ ತೊಡಕುಗಳನ್ನು ಹುಡುಕುವುದಕ್ಕೆ ಮಾತ್ರ. ಸರಾಸರಿ ಅಂಕ ಘೋಷಿಸಲು ಹೆಚ್ಚು ಮಂದಿ ಬೇಕು. ಆಸ್ಟ್ರೇಲಿಯಾದಲ್ಲಿ 2015ರಲ್ಲಿ ರೂಪುಗೊಂಡ, 23 ಅಂಶಗಳ ‘ಮೊಬೈಲ್ ಆ್ಯಪ್ ರೇಟಿಂಗ್ ಸ್ಕೇಲ್’ ಮಾಹಿತಿಯ ಗುಣಮಟ್ಟವನ್ನೂ ತೂಗುತ್ತದಾದರೂ ಅದು ತರಬೇತಿ ಪಡೆದ ಪರಿಶೀಲಕರಿಗೆ ಮೀಸಲು. ನಿಮ್ಮ ಮಾರ್ಗದರ್ಶಕರಿಂದ ಅದನ್ನು ತುಂಬಿಸಬಹುದು.

ಇನ್ನು, ಸುಲಭವಾಗಿ ಬಳಸಿದವರೆಲ್ಲ ಸರಿಯಾಗಿ ಕಲಿತಿರುತ್ತಾರೆಂದು ಭಾವಿಸಬಾರದು. ಆರೋಗ್ಯ ಶಿಕ್ಷಣದ ಆ್ಯಪ್‌ಗೆ ಇದೇ ಅತಿ ಮುಖ್ಯ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ. ಫೋನ್ ಕೆಳಗಿಡಿಸಿ, ‘ನಿಮ್ಮ ತಂಗಿಗೆ ಇದನ್ನು ಹೇಗೆ ಹೇಳಿಕೊಡುವಿರಿ?’ ಎಂದು ಕೇಳಿ. ಮಾತ್ರೆಯನ್ನು ಚಹಾ, ಹಾಲಿನೊಂದಿಗೆ ನುಂಗಬಾರದು, ಮಲ ಕಪ್ಪಾದರೆ ಹೆದರಿ ಮಾತ್ರೆ ನಿಲ್ಲಿಸಬಾರದು ಎಂಬುದು ಆಕೆಯ ಮಾತಿನಲ್ಲೇ ಬಾರದಿದ್ದರೆ ಆ ಪುಟವನ್ನು ತಿದ್ದಿ, ಈ ಬಾರಿ ಬೇರೆ ಮಹಿಳೆಯರೊಂದಿಗೆ ಪರೀಕ್ಷಿಸಿ, ಆ ಬಳಿಕವೇ ಪ್ರಶ್ನಾವಳಿಯನ್ನು ಕೈಗೆತ್ತಿಕೊಳ್ಳಿ. ಸಹಪಾಠಿಗಳ ಅಂಕವನ್ನು ಪ್ರಾಥಮಿಕ ಪರಿಶೀಲನೆ ಎಂಬ ಹೆಸರಿನಲ್ಲಿ ಪ್ರಬಂಧದಲ್ಲಿ ಪ್ರತ್ಯೇಕವಾಗಿ ದಾಖಲಿಸಬಹುದು.